ಮೆಳ್ಳೆಗಣ್ಣು, ಸೋಮಾರಿ ಕಣ್ಣು: ಕನ್ನಡಕ, ಪಟ್ಟಿ, ಹನಿ, ಶಸ್ತ್ರಚಿಕಿತ್ಸೆ, ವಿಷನ್ ಥೆರಪಿಗಳಲ್ಲಿ ಯಾವುದು ಯಾರಿಗೆ?

ಮಗುವಿನ ಒಂದು ಕಣ್ಣು ಮೂಗಿನ ಕಡೆಗೋ ಕಿವಿಯ ಕಡೆಗೋ ವಾಲುತ್ತಿದೆ ಎಂದು ಗಮನಕ್ಕೆ ಬಂದಾಗ, ಇಲ್ಲವೇ ಶಾಲೆಯ ತಪಾಸಣೆಯಲ್ಲಿ ಒಂದು ಕಣ್ಣಿಗೆ ಮಾತ್ರ ಕೆಳಗಿನ ಸಾಲುಗಳು ಕಾಣಿಸಲಿಲ್ಲ ಎಂದು ಚೀಟಿ ಬಂದಾಗ, ಮನೆಯವರ ಮುಂದೆ ಹತ್ತು ಬಗೆಯ ಸಲಹೆಗಳು ಬಂದು ಬೀಳುತ್ತವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕನ್ನಡಕ ಬರೆದುಕೊಡುತ್ತಾರೆ, ಜಿಲ್ಲಾ ಕೇಂದ್ರದ ವೈದ್ಯರು ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಎನ್ನುತ್ತಾರೆ, ದೊಡ್ಡ ಊರಿನ ಥೆರಪಿ ಕೇಂದ್ರದವರು ವಾರಕ್ಕೆರಡು ಸಲ ಬಂದರೆ ಪಟ್ಟಿಯೇ ಬೇಡ ಎನ್ನುತ್ತಾರೆ, ಮನೆಯ ಹಿರಿಯರು ಮೆಳ್ಳೆಗಣ್ಣು ಅದೃಷ್ಟದ ಗುರುತು, ದೊಡ್ಡವನಾದ ಮೇಲೆ ತಾನೇ ಸರಿಯಾಗುತ್ತದೆ ಎಂದು ಸಮಾಧಾನ ಹೇಳುತ್ತಾರೆ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಹಳ್ಳಿಗಳಿಂದ ಕಣ್ಣಿನ ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಮಗುವಿನ ಶಾಲೆ ಮೂರನ್ನೂ ಬಿಟ್ಟು ಹೊರಡುವುದು ಎಂದರ್ಥ; ಆದ್ದರಿಂದ ಯಾವ ದಾರಿಯಿಂದ ಎಷ್ಟು ಪ್ರಯೋಜನ ಎಂಬುದನ್ನು ಹೊರಡುವ ಮೊದಲೇ ತಿಳಿದುಕೊಳ್ಳುವುದು ಅಗತ್ಯ.

ನನ್ನ ಅಭಿಪ್ರಾಯವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಈ ಐದು ಚಿಕಿತ್ಸೆಗಳಿಗೆ ಒಂದು ಕ್ರಮವಿದೆ, ಆ ಕ್ರಮದಲ್ಲಿ ಕನ್ನಡಕ ಮೊದಲು ಬರುತ್ತದೆ, ಪಟ್ಟಿ ಅಥವಾ ಹನಿ ಎರಡನೆಯದಾಗಿ ಬರುತ್ತದೆ. ಕಣ್ಣಿನ ಅಭ್ಯಾಸ, ಆಟಗಳ ಮೂಲಕ ತರಬೇತಿ ಕೊಡುವ ವಿಷನ್ ಥೆರಪಿಗೆ ಅದರದೇ ಆದ ಚಿಕ್ಕ ಜಾಗವಿದೆ, ಆ ಜಾಗದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಕನ್ನಡಕ ಮತ್ತು ಪಟ್ಟಿಯನ್ನು ಬದಿಗಿಟ್ಟು ಅದೊಂದನ್ನೇ ನಂಬಿ ಕೂತರೆ, ಚಿಕ್ಕ ಮಗುವಿನ ಬೆಲೆಬಾಳುವ ವರ್ಷಗಳು ಕೈತಪ್ಪುತ್ತವೆ.

ಎರಡೂ ಒಂದೇ ತೊಂದರೆಯಲ್ಲ

ಮೆಳ್ಳೆಗಣ್ಣು ಎಂದರೆ ಎರಡು ಕಣ್ಣುಗಳು ಒಂದೇ ಕಡೆ ನೇರವಾಗಿ ನಿಲ್ಲದಿರುವುದು. ಅದು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಸೋಮಾರಿ ಕಣ್ಣು ಎಂದರೆ ಕಣ್ಣಿನ ರಚನೆ ಸರಿಯಿದ್ದರೂ, ಸರಿಯಾದ ಕನ್ನಡಕ ಹಾಕಿದರೂ, ಆ ಕಣ್ಣಿನ ದೃಷ್ಟಿ ಪೂರ್ತಿಯಾಗಿ ಬೆಳೆಯದೆ ಉಳಿಯುವುದು. ಚಿಕ್ಕ ವಯಸ್ಸಿನಲ್ಲಿ ಮಿದುಳು ಎರಡೂ ಕಣ್ಣುಗಳಿಂದ ಸ್ಪಷ್ಟವಾದ ಚಿತ್ರವನ್ನು ಪಡೆಯುತ್ತಿದ್ದರೆ ಮಾತ್ರ ಎರಡೂ ಕಣ್ಣುಗಳ ದೃಷ್ಟಿ ಸಮನಾಗಿ ಬಲಿಯುತ್ತದೆ. ಒಂದು ಕಣ್ಣಿನ ಚಿತ್ರ ಮಸುಕಾಗಿದ್ದರೆ, ಅಥವಾ ಆ ಕಣ್ಣು ಬೇರೆ ಕಡೆ ತಿರುಗಿದ್ದರೆ, ಮಿದುಳು ಅದರ ಚಿತ್ರವನ್ನು ಕೈಬಿಟ್ಟು ಇನ್ನೊಂದನ್ನೇ ನಂಬಲು ಕಲಿಯುತ್ತದೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಅವರು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಮುಚ್ಚಿ ನಡೆಸಿದ ಪ್ರಯೋಗಗಳು ಇದನ್ನು ತೋರಿಸಿಕೊಟ್ಟವು. ದೃಷ್ಟಿಯ ಕುರಿತ ಸಂಶೋಧನೆಗಾಗಿ ಇಬ್ಬರಿಗೂ 1981ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಮೆಳ್ಳೆಗಣ್ಣಿನಿಂದ ಸೋಮಾರಿ ಕಣ್ಣು ಬರಬಹುದು. ಹುಟ್ಟಿನಿಂದ ಬಂದ ಪೊರೆ ಅಥವಾ ಪಾಪೆಯನ್ನು ಮುಚ್ಚುವಷ್ಟು ಜೋತುಬಿದ್ದ ರೆಪ್ಪೆಯಿಂದಲೂ ಬರಬಹುದು. ಆದರೆ ಹೆಚ್ಚು ಸಲ ಯಾರ ಗಮನಕ್ಕೂ ಬಾರದೆ ಉಳಿಯುವುದು ಎರಡು ಕಣ್ಣುಗಳ ನಂಬರ್‌ನಲ್ಲಿ ದೊಡ್ಡ ವ್ಯತ್ಯಾಸವಿರುವ ಮಕ್ಕಳು. ಅವರ ಕಣ್ಣು ನೆಟ್ಟಗೇ ಇರುತ್ತದೆ, ಓಡಾಟ, ಓದು, ಆಟ ಎಲ್ಲವೂ ಒಳ್ಳೆಯ ಕಣ್ಣಿನಿಂದ ನಡೆಯುತ್ತಿರುತ್ತದೆ, ಎಂಟನೆಯ ತರಗತಿಗೋ ಡ್ರೈವಿಂಗ್ ಲೈಸೆನ್ಸಿನ ಹೊತ್ತಿಗೋ ಆಕಸ್ಮಿಕವಾಗಿ ಬಯಲಾಗುತ್ತದೆ. ಮನೆಯಲ್ಲೇ ಒಂದು ಸುಲಭದ ಪರೀಕ್ಷೆ ಮಾಡಬಹುದು. ಮಗು ಏನಾದರೂ ಇಷ್ಟದ ಚಿತ್ರ ನೋಡುತ್ತಿರುವಾಗ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿರಿ. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು ಇನ್ನೊಂದನ್ನು ಮುಚ್ಚಿದ ಕೂಡಲೇ ಕೈ ತಳ್ಳಿ ಅಳಲು ಶುರುಮಾಡಿದರೆ, ಮುಚ್ಚದೆ ಉಳಿದ ಕಣ್ಣಿಗೆ ಸರಿಯಾಗಿ ಕಾಣುತ್ತಿಲ್ಲ ಎಂಬ ಅನುಮಾನಕ್ಕೆ ಅಷ್ಟು ಸಾಕು.

ಚಿಕಿತ್ಸೆ ಆರಿಸುವ ಮುನ್ನ ಆಗಲೇಬೇಕಾದ ಪರೀಕ್ಷೆ

ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಅಥವಾ ಮುಲಾಮು ಹಾಕದೆ ಚಿಕ್ಕ ಮಕ್ಕಳ ನಂಬರ್ ಬರೆದುಕೊಟ್ಟರೆ ಅದನ್ನು ಒಪ್ಪಿಕೊಳ್ಳಬೇಡಿ. ಮಕ್ಕಳ ಕಣ್ಣಿನ ಮಸೂರಕ್ಕೆ ಒಳಗಿನಿಂದಲೇ ಬಿಗಿಹಿಡಿದು ದೂರದೃಷ್ಟಿಯ ದೋಷವನ್ನು ಮರೆಮಾಡುವ ಶಕ್ತಿ ಇದೆ. ಆ ಬಿಗಿತವನ್ನು ಔಷಧದಿಂದ ಸಡಿಲಿಸಿದ ಮೇಲೆಯೇ ನಿಜವಾದ ನಂಬರ್ ಸಿಗುತ್ತದೆ. ಕಂಪ್ಯೂಟರ್ ಯಂತ್ರದ ಮುಂದೆ ಗಲ್ಲ ಇಡಿಸಿ ಎರಡು ನಿಮಿಷದಲ್ಲಿ ಚೀಟಿ ಕೊಡುವ ಅಂಗಡಿಯ ಪರೀಕ್ಷೆ ದೊಡ್ಡವರಿಗೆ ಸಾಕಾಗಬಹುದು, ನಾಲ್ಕು ವರ್ಷದ ಮಗುವಿಗೆ ಸಾಲದು.

ಇದರ ಜೊತೆಗೆ ವೈದ್ಯರು ಕಣ್ಣಿನ ಹಿಂಭಾಗದ ಅಕ್ಷಿಪಟಲವನ್ನೂ ನೋಡಲೇಬೇಕು. ಅಪರೂಪಕ್ಕೆ ಮೆಳ್ಳೆಗಣ್ಣು ಕಣ್ಣಿನೊಳಗಿನ ಗಡ್ಡೆಯ ಮೊದಲ ಸೂಚನೆಯಾಗಿರುತ್ತದೆ. ಪಾಪೆಯೊಳಗೆ ಬಿಳಿ ಹೊಳಪು ಕಂಡರೆ, ಫೋಟೋದಲ್ಲಿ ಒಂದು ಕಣ್ಣು ಕೆಂಪಾಗಿ ಇನ್ನೊಂದು ಬಿಳಿಯಾಗಿ ಬಂದರೆ, ಅಥವಾ ದೊಡ್ಡ ಮಗುವಿಗೆ ಇದ್ದಕ್ಕಿದ್ದಂತೆ ಕಣ್ಣು ವಾಲಿ ಎರಡೆರಡು ಕಾಣಲು, ತಲೆನೋವು ವಾಂತಿ ಬರಲು ಶುರುವಾದರೆ, ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಮೂರು ನಾಲ್ಕು ತಿಂಗಳೊಳಗಿನ ಕೂಸಿನ ಕಣ್ಣು ಆಗಾಗ ಅತ್ತಿತ್ತ ಓಡುವುದು ಸಹಜ. ಮೂಗಿನ ಸೇತುವೆ ಅಗಲವಾಗಿರುವ ಕೂಸುಗಳ ಕಣ್ಣು ನೆಟ್ಟಗಿದ್ದರೂ ವಾಲಿದಂತೆ ಕಾಣುತ್ತದೆ. ನಾಲ್ಕು ತಿಂಗಳು ದಾಟಿದ ಮೇಲೂ ಕಣ್ಣು ವಾಲುತ್ತಿದ್ದರೆ ಕಾಯುವುದಕ್ಕೆ ಕಾರಣವಿಲ್ಲ.

ಕನ್ನಡಕ

"ಇಷ್ಟು ಸಣ್ಣ ಕೂಸಿಗೆ ಚಾಳೀಸ ಯಾಕ್ರಿ?" ಎಂಬ ಅಜ್ಜಿಯ ಮಾತು ನಮ್ಮ ಕಡೆ ಎಷ್ಟೋ ಮಕ್ಕಳ ಕನ್ನಡಕವನ್ನು ಟ್ರಂಕಿನೊಳಗೆ ಇಡಿಸಿದೆ. ಆದರೆ ಚಿಕಿತ್ಸೆಗಳ ಪೈಕಿ ಅತ್ಯಂತ ಕಡಿಮೆ ಖರ್ಚಿನದು, ಅತ್ಯಂತ ಕಡಿಮೆ ಓಡಾಟ ಬೇಡುವುದು ಕನ್ನಡಕವೇ. ಮಕ್ಕಳ ಕಣ್ಣಿನ ಕಾಯಿಲೆಗಳ ಬಗ್ಗೆ ಅಮೆರಿಕದಲ್ಲಿ ಹಲವು ಆಸ್ಪತ್ರೆಗಳು ಸೇರಿ ಕಟ್ಟಿಕೊಂಡಿರುವ ಪಿಡಿಗ್ ಎಂಬ ಸಂಶೋಧನಾ ಬಳಗ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಕಣ್ಣಿನ ನಂಬರ್ ವ್ಯತ್ಯಾಸದಿಂದ ಸೋಮಾರಿ ಕಣ್ಣು ಬಂದ 3ರಿಂದ 7 ವರ್ಷದೊಳಗಿನ 84 ಮಕ್ಕಳಿಗೆ ಕನ್ನಡಕ ಬಿಟ್ಟು ಬೇರೇನನ್ನೂ ಕೊಡಲಿಲ್ಲ. ಅವರಲ್ಲಿ ನೂರಕ್ಕೆ 77 ಮಕ್ಕಳ ದೃಷ್ಟಿ ಅಕ್ಷರಫಲಕದ ಮೇಲೆ ಎರಡು ಸಾಲು ಅಥವಾ ಅದಕ್ಕಿಂತ ಹೆಚ್ಚು ಸುಧಾರಿಸಿತು. ನೂರಕ್ಕೆ 27 ಮಕ್ಕಳಿಗೆ ಪಟ್ಟಿಯ ಅಗತ್ಯವೇ ಬೀಳದಂತೆ ತೊಂದರೆ ಹೋಯಿತು.

ಒಳಕ್ಕೆ ತಿರುಗುವ ಮೆಳ್ಳೆಗಣ್ಣಿನ ಒಂದು ದೊಡ್ಡ ಗುಂಪಿಗೂ ಕನ್ನಡಕವೇ ಮುಖ್ಯ ಚಿಕಿತ್ಸೆ. ಹೆಚ್ಚಿನ ಪ್ಲಸ್ ನಂಬರ್ ಇರುವ ಮಗು ಸ್ಪಷ್ಟವಾಗಿ ನೋಡಲು ಕಣ್ಣಿನ ಮಸೂರವನ್ನು ಬಿಗಿಹಿಡಿದಾಗ ಅದರ ಜೊತೆಯಲ್ಲೇ ಕಣ್ಣುಗಳೂ ಮೂಗಿನ ಕಡೆ ಎಳೆದುಕೊಳ್ಳುತ್ತವೆ. ಪೂರ್ತಿ ಪ್ಲಸ್ ಮಸೂರ ಕೊಟ್ಟರೆ ಬಿಗಿಹಿಡಿಯುವ ಅಗತ್ಯ ತಪ್ಪಿ ಕಣ್ಣು ನೆಟ್ಟಗಾಗುತ್ತದೆ. ಕನ್ನಡಕ ತೆಗೆದ ಕೂಡಲೇ ಕಣ್ಣು ಮತ್ತೆ ಒಳಕ್ಕೆ ಹೋಗುವುದನ್ನು ಕಂಡು ಕೆಲವರು, ಕನ್ನಡಕದಿಂದಲೇ ಮೆಳ್ಳೆಗಣ್ಣು ಹೆಚ್ಚಾಯಿತು ಎಂದು ಹೆದರುತ್ತಾರೆ. ಕನ್ನಡಕ ತನ್ನ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ನಮ್ಮ ಬಿಸಿಲಿನ ಊರುಗಳಲ್ಲಿ ಒಂದು ವಿಷಯ ಗಮನಿಸಬೇಕು. ಬೆವರಿಗೆ ಚೌಕಟ್ಟು ಮೂಗಿನ ಮೇಲಿಂದ ಜಾರಿ ಇಳಿಯುತ್ತದೆ, ಮಗು ಮಸೂರದ ಮೇಲಂಚಿನಿಂದ ಬರಿಗಣ್ಣಿನಲ್ಲೇ ನೋಡುತ್ತದೆ, ತಾಯಿಗೆ ಮಾತ್ರ ಕನ್ನಡಕ ದಿನವಿಡೀ ಮುಖದ ಮೇಲೆಯೇ ಇದ್ದಂತೆ ಕಾಣುತ್ತದೆ. ಕಿವಿಯ ಹಿಂದಿನಿಂದ ತಲೆಯ ಸುತ್ತ ಹೋಗುವ ಎಲಾಸ್ಟಿಕ್ ಪಟ್ಟಿ ಇರುವ, ಮುಖಕ್ಕೆ ಸರಿಯಾಗಿ ಕೂರುವ ಹಗುರ ಚೌಕಟ್ಟನ್ನೇ ಕೇಳಿ ತೆಗೆದುಕೊಳ್ಳಿ. ಮಸೂರ ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನದಾಗಿರಲಿ, ಒಂದೇ ಕಣ್ಣನ್ನು ನೆಚ್ಚಿಕೊಂಡಿರುವ ಮಗುವಿನ ಆ ಒಳ್ಳೆಯ ಕಣ್ಣಿಗೆ ಚಿನ್ನಿಕೋಲಿನಿಂದಲೋ ಕ್ರಿಕೆಟ್ ಚೆಂಡಿನಿಂದಲೋ ಪೆಟ್ಟು ಬೀಳದಂತೆ ಕಾಯುವುದೂ ಚಿಕಿತ್ಸೆಯ ಭಾಗವೇ ಆಗಿದೆ.

ಪಟ್ಟಿ

ಕನ್ನಡಕದಿಂದ ಸುಧಾರಣೆ ನಿಂತ ಮೇಲೆ, ಅಥವಾ ದೃಷ್ಟಿ ತೀರಾ ಕಡಿಮೆಯಿದ್ದರೆ ಇನ್ನೂ ಬೇಗ, ಒಳ್ಳೆಯ ಕಣ್ಣಿಗೆ ದಿನದ ಕೆಲವು ಗಂಟೆ ಪಟ್ಟಿ ಹಾಕಿ ಸೋಮಾರಿ ಕಣ್ಣಿಗೆ ಕೆಲಸ ಕೊಡಲಾಗುತ್ತದೆ. ಎಷ್ಟು ಗಂಟೆ ಎಂಬ ಪ್ರಶ್ನೆಗೆ ಹಿಂದೆ ದಿನಪೂರ್ತಿ ಎಂಬ ಉತ್ತರವಿತ್ತು. 2003ರಲ್ಲಿ ಅದೇ ಬಳಗದ ಎರಡು ಅಧ್ಯಯನಗಳು ಅದನ್ನು ಬದಲಿಸಿದವು. ದೃಷ್ಟಿ 6/12ರಿಂದ 6/24ರ ಆಸುಪಾಸಿನಲ್ಲಿರುವ (6/12 ಎಂದರೆ ಸರಿಯಾದ ಕಣ್ಣಿಗೆ 12 ಮೀಟರ್‌ನಿಂದ ಕಾಣುವ ಅಕ್ಷರ 6 ಮೀಟರ್ ಹತ್ತಿರ ಬಂದರೆ ಮಾತ್ರ ಕಾಣುವುದು) ಮಧ್ಯಮ ತೊಂದರೆಗೆ ದಿನಕ್ಕೆ 2 ಗಂಟೆ ಹಾಕಿದವರಿಗೂ 6 ಗಂಟೆ ಹಾಕಿದವರಿಗೂ ನಾಲ್ಕು ತಿಂಗಳ ಕೊನೆಗೆ ಒಂದೇ ಪ್ರಮಾಣದ ಸುಧಾರಣೆ ಕಂಡಿತು. ತೀವ್ರ ತೊಂದರೆಯವರಲ್ಲಿ 6 ಗಂಟೆಯೂ ದಿನಪೂರ್ತಿಯೂ ಸಮನಾಗಿದ್ದವು. ದಿನಕ್ಕೆ ಎರಡೇ ಗಂಟೆ ಸಾಕು ಎಂಬುದು ನಮ್ಮಂಥ ಊರುಗಳಿಗೆ ದೊಡ್ಡ ಸುದ್ದಿ, ಏಕೆಂದರೆ ಸಹಪಾಠಿಗಳ ಎದುರು ಪಟ್ಟಿ ಹಾಕಿಕೊಂಡು ಕೂರುವ ನಾಚಿಕೆಯಿಂದ ಮಗು ಪಾರಾಗುತ್ತದೆ. ಪಟ್ಟಿಯನ್ನು ಎಷ್ಟು ಬೇಗ ಶುರುಮಾಡಬೇಕು ಎಂಬ ಬಗ್ಗೆ ವೈದ್ಯರಲ್ಲಿ ಈಗಲೂ ಚರ್ಚೆಯಿದೆ. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಯುರೋಪಿನ ಅಧ್ಯಯನದಲ್ಲಿ, ಹದಿನೆಂಟು ವಾರ ಕನ್ನಡಕವೊಂದನ್ನೇ ಹಾಕಿಸಿ ಕಾದವರಿಗಿಂತ ಮೂರು ವಾರಕ್ಕೇ ಪಟ್ಟಿ ಶುರುಮಾಡಿದವರಿಗೆ ಹೆಚ್ಚು ಯಶಸ್ಸು ಸಿಕ್ಕಿತು. ಆದ್ದರಿಂದ ಕನ್ನಡಕ ಕೊಟ್ಟು ಆರು ತಿಂಗಳು ಬಿಟ್ಟು ಬನ್ನಿ ಎಂದರೆ, ಮಧ್ಯದಲ್ಲಿ ಒಮ್ಮೆ ದೃಷ್ಟಿ ಅಳೆಯಬೇಡವೇ ಎಂದು ಕೇಳುವುದು ತಪ್ಪಲ್ಲ.

ಪಟ್ಟಿಯ ಯಶಸ್ಸು ಮನೆಯಲ್ಲಿ ನಿರ್ಧಾರವಾಗುತ್ತದೆ. ಮಾನ್ವಿ ಕಡೆಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಮೊಮ್ಮಗಳಿಗೆ ಪಟ್ಟಿ ಹಾಕಿ, ಮೊರದಲ್ಲಿ ತೊಗರಿಬೇಳೆ ಕೊಟ್ಟು ಕಲ್ಲು ಆರಿಸಲು ಕೂರಿಸಿದ್ದರು. ಹುಡುಗಿ ಮುಖವನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿ, ಮೂಗಿನ ಬದಿಯಲ್ಲಿ ಪಟ್ಟಿ ಎದ್ದಿದ್ದ ಬೆರಳಗಲದ ಸಂದಿಯಿಂದ ಒಳ್ಳೆಯ ಕಣ್ಣಿನಲ್ಲೇ ನೋಡಿ ಕಲ್ಲು ಹೆಕ್ಕುತ್ತಿದ್ದಳು. ಅಜ್ಜಿಗೆ ಅವಳ ಚುರುಕುತನ ಕಂಡು ಸಂತೋಷವಾಗಿತ್ತು. ಮಗು ತಲೆ ಓರೆ ಮಾಡಿ ನೋಡಲು ಶುರುಮಾಡಿದರೆ ಮೊದಲು ಪಟ್ಟಿಯ ಅಂಚನ್ನು ನೋಡಿ. ಕನ್ನಡಕದ ಮಸೂರಕ್ಕೆ ಕಾಗದ ಅಂಟಿಸುವ ಪದ್ಧತಿಯಲ್ಲಿ ಈ ಇಣುಕು ಇನ್ನೂ ಸುಲಭ. ಚರ್ಮಕ್ಕೇ ಅಂಟುವ ಪಟ್ಟಿ, ಅದರ ಮೇಲೆ ಕನ್ನಡಕ, ಇದೇ ಸರಿಯಾದ ಕ್ರಮ. ಏಪ್ರಿಲ್, ಮೇ ತಿಂಗಳ ಉರಿಯಲ್ಲಿ ಮಧ್ಯಾಹ್ನ ಅಂಟು ನಿಲ್ಲುವುದಿಲ್ಲ, ಚರ್ಮವೂ ಕೆಂಪಾಗುತ್ತದೆ. ಬೆಳಗ್ಗೆ ಶಾಲೆಗೆ ಮುಂಚೆ ಒಂದು ಗಂಟೆ, ಸಂಜೆ ಒಂದು ಗಂಟೆ ಎಂದು ಹಂಚಿಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಿ. ಹತ್ತಿರದ ಸೂಕ್ಷ್ಮ ಕೆಲಸವನ್ನೇ ಕೊಡಬೇಕೆಂಬ ನಿಯಮವೂ ಈಗ ಸಡಿಲಾಗಿದೆ: 425 ಮಕ್ಕಳ ಮೇಲೆ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹತ್ತಿರದ ಕೆಲಸ ಮಾಡಿದವರಿಗೂ ದೂರದ್ದನ್ನು ನೋಡಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಮಗು ಬೇಳೆ ಆರಿಸಲಿ, ಬಣ್ಣ ತುಂಬಲಿ, ಟಿವಿ ನೋಡಲಿ, ಸೋಮಾರಿ ಕಣ್ಣು ತೆರೆದು ನೋಡುತ್ತಿದ್ದರೆ ಸಾಕು.

ಹನಿ

ಒಳ್ಳೆಯ ಕಣ್ಣಿಗೆ ಅಟ್ರೋಪಿನ್ ಹನಿ ಹಾಕಿ ಅದರ ಹತ್ತಿರದ ನೋಟವನ್ನು ತಾತ್ಕಾಲಿಕವಾಗಿ ಮಸುಕು ಮಾಡುವುದು ಪಟ್ಟಿಗೆ ಪರ್ಯಾಯ. 419 ಮಕ್ಕಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಧ್ಯಮ ತೊಂದರೆಗೆ ಪಟ್ಟಿ, ಹನಿ ಎರಡರಿಂದಲೂ ಆರು ತಿಂಗಳಲ್ಲಿ ಸುಮಾರು ಮೂರು ಸಾಲುಗಳ ಸುಧಾರಣೆ ಆಯಿತು; ಪಟ್ಟಿ ಸ್ವಲ್ಪ ಬೇಗ ಫಲ ಕೊಟ್ಟಿತು, ಹನಿಯನ್ನು ಮನೆಯವರು ಹೆಚ್ಚು ಸುಲಭವಾಗಿ ಒಪ್ಪಿಕೊಂಡರು. ದಿನಾಲೂ ಹಾಕುವ ಬದಲು ಶನಿವಾರ, ಭಾನುವಾರ ಮಾತ್ರ ಹಾಕಿದರೂ ಫಲ ಅಷ್ಟೇ ಎಂದು 2004ರಲ್ಲಿ ತಿಳಿಯಿತು. ವಾರವೆಲ್ಲ ಹೊಲಕ್ಕೆ ಹೋಗುವ ತಾಯಿಗೆ ಇದು ನಿಜವಾದ ಅನುಕೂಲ, ಮಗುವಿಗೆ ಇಣುಕಿ ನೋಡಲೂ ದಾರಿಯಿಲ್ಲ.

ಆದರೂ ನಮ್ಮ ಪ್ರದೇಶಕ್ಕೆ ಇದನ್ನು ಕಣ್ಣುಮುಚ್ಚಿ ಶಿಫಾರಸು ಮಾಡಲಾರೆ. ಹಿಗ್ಗಿದ ಪಾಪೆಗೆ ಬಳ್ಳಾರಿಯ ಮಧ್ಯಾಹ್ನದ ಬಿಸಿಲು ಚುಚ್ಚುತ್ತದೆ. ಟೋಪಿ, ಬಿಸಿಲುಕನ್ನಡಕ ಬೇಕೇ ಬೇಕು. ಅಟ್ರೋಪಿನ್ ಬೆವರನ್ನು ತಡೆಯುತ್ತದೆ, ಆದ್ದರಿಂದ ಕಡು ಬೇಸಿಗೆಯಲ್ಲಿ ಚಿಕ್ಕ ಮಕ್ಕಳ ಮೈ ಬಿಸಿಯೇರುವ ಅಪಾಯವಿದೆ. ಮುಖ ಕೆಂಪಾಗಿ, ಬಾಯಿ ಒಣಗಿ, ಎದೆಬಡಿತ ಜೋರಾಗಿ, ಮಗು ಅಸಂಬದ್ಧವಾಗಿ ವರ್ತಿಸಿದರೆ ಹನಿ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಹನಿ ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿದರೆ ಔಷಧ ಮೈಗೆ ಇಳಿಯುವುದು ಕಡಿಮೆಯಾಗುತ್ತದೆ. ಆ ಪುಟ್ಟ ಬಾಟಲಿಯನ್ನು ಕುಡಿದರೆ ಜೀವಕ್ಕೇ ಅಪಾಯ. ಅದರ ಜಾಗ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿರಬೇಕು.

ಶಸ್ತ್ರಚಿಕಿತ್ಸೆ

ಕಣ್ಣನ್ನು ತಿರುಗಿಸುವ ಸ್ನಾಯುಗಳನ್ನು ಹಿಂದಕ್ಕೆ ಸರಿಸಿ ಅಥವಾ ಮೊಟಕುಗೊಳಿಸಿ ಹೊಲಿದು ಕಣ್ಣನ್ನು ನೆಟ್ಟಗೆ ನಿಲ್ಲಿಸುವುದೇ ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆ. ಹುಟ್ಟಿ ಆರು ತಿಂಗಳೊಳಗೆ ಶುರುವಾಗುವ ದೊಡ್ಡ ಕೋನದ ಒಳಮೆಳ್ಳೆಗೆ ಸಾಮಾನ್ಯವಾಗಿ ಇದೇ ದಾರಿ, ಅದೂ ಎರಡು ವರ್ಷದೊಳಗೆ ಆದರೆ ಎರಡು ಕಣ್ಣುಗಳು ಒಟ್ಟಿಗೆ ಕೆಲಸ ಮಾಡಲು ಕಲಿಯುವ ಅವಕಾಶ ಹೆಚ್ಚು. ಕನ್ನಡಕ ಹಾಕಿದರೂ ಉಳಿಯುವ ವಾಲುವಿಕೆಗೆ, ನಿಯಂತ್ರಣ ತಪ್ಪುತ್ತಿರುವ ಹೊರಮೆಳ್ಳೆಗೆ ಕೂಡ ಇದು ಬೇಕಾಗಬಹುದು.

ಇಲ್ಲಿ ಬಹಳ ಮನೆಗಳಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಶಸ್ತ್ರಚಿಕಿತ್ಸೆಯಾಗಿ ಕಣ್ಣು ನೆಟ್ಟಗಾಯಿತು, ಇನ್ನು ಎಲ್ಲ ಮುಗಿಯಿತು ಎಂದು ಕನ್ನಡಕವನ್ನೂ ಪಟ್ಟಿಯನ್ನೂ ಬಿಟ್ಟುಬಿಡುತ್ತಾರೆ. ಶಸ್ತ್ರಚಿಕಿತ್ಸೆ ಕಣ್ಣಿನ ದಿಕ್ಕನ್ನು ಸರಿಮಾಡುತ್ತದೆ, ದೃಷ್ಟಿಯನ್ನು ಹೆಚ್ಚಿಸುವುದಿಲ್ಲ. ಬಹುತೇಕ ವೈದ್ಯರು ಮೊದಲು ಪಟ್ಟಿಯಿಂದ ದೃಷ್ಟಿ ಸುಧಾರಿಸಿ ಆಮೇಲೆ ದಿನ ಗೊತ್ತುಮಾಡುವುದು ಇದೇ ಕಾರಣಕ್ಕೆ. ವರ್ಷಗಳ ನಂತರ ಎರಡನೆಯ ಸಲ ಬೇಕಾಗಬಹುದು ಎಂಬುದನ್ನೂ ಒಪ್ಪಿಕೊಂಡೇ ಮುಂದುವರಿಯಬೇಕು. ಮದುವೆಯ ವಯಸ್ಸಿಗೆ ಬಂದ ಮೇಲೆ ಚಿಕಿತ್ಸೆ ಸಾಧ್ಯವಿಲ್ಲ ಎಂಬುದೂ ಸುಳ್ಳು: ದೊಡ್ಡವರಿಗೂ ಕಣ್ಣನ್ನು ನೆಟ್ಟಗೆ ಮಾಡಬಹುದು, ಅದರಿಂದ ಮುಖ ಎತ್ತಿ ಮಾತನಾಡುವ ಧೈರ್ಯ ಬರುವುದು ಸಣ್ಣ ಲಾಭವಲ್ಲ. ಆಮೇಲೆ ಎರಡೆರಡು ಕಾಣುವ ಸಾಧ್ಯತೆ ಎಷ್ಟು ಎಂದು ಮಾತ್ರ ಮುಂಚೆಯೇ ಪರೀಕ್ಷೆ ಮಾಡಿಸಿ ಕೇಳಿಕೊಳ್ಳಬೇಕು.

ವಿಷನ್ ಥೆರಪಿ

ಈ ಹೆಸರಿನ ಕೆಳಗೆ ಹಲವು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ, ಗೊಂದಲಕ್ಕೆ ಅದೇ ಮೂಲ. ಒಂದು, ಕಣ್ಣುಗಳನ್ನು ಒಟ್ಟಿಗೆ ಒಳಕ್ಕೆ ತಂದು ನಿಲ್ಲಿಸುವ ಅಭ್ಯಾಸಗಳು. ಇನ್ನೊಂದು, ಕೆಂಪು-ಹಸಿರು ಕನ್ನಡಕದಿಂದಲೋ ತಲೆಗೆ ಹಾಕಿಕೊಂಡು ನೋಡುವ ವಿಆರ್ ಯಂತ್ರದಿಂದಲೋ ಎರಡು ಕಣ್ಣಿಗೆ ಬೇರೆ ಬೇರೆ ಚಿತ್ರ ತೋರಿಸಿ ಆಡಿಸುವ ಆಟಗಳು. ಮತ್ತೊಂದು, ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಕಣ್ಣಿನ ವ್ಯಾಯಾಮದಿಂದ ಓದು ಸುಧಾರಿಸುತ್ತದೆ ಎಂಬ ಭರವಸೆ.

ಮೊದಲನೆಯದಕ್ಕೆ ಗಟ್ಟಿ ಆಧಾರವಿದೆ. ಹತ್ತಿರದ್ದನ್ನು ನೋಡುವಾಗ ಎರಡು ಕಣ್ಣುಗಳನ್ನು ಸಾಕಷ್ಟು ಒಳಕ್ಕೆ ತರಲಾಗದೆ ಅಕ್ಷರಗಳು ಓಡಿದಂತೆ, ಎರಡಾದಂತೆ ಕಂಡು ತಲೆನೋವು ಬರುವ ಮಕ್ಕಳಿದ್ದಾರೆ. ಅಂಥ 9ರಿಂದ 17 ವರ್ಷದ 221 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹನ್ನೆರಡು ವಾರ ಕೇಂದ್ರದಲ್ಲಿ ತರಬೇತಿ ಪಡೆದು ಮನೆಯಲ್ಲೂ ಅಭ್ಯಾಸ ಮಾಡಿದವರಲ್ಲಿ ನೂರಕ್ಕೆ 73 ಮಂದಿ ಗುಣವಾದರು ಅಥವಾ ಸುಧಾರಿಸಿದರು. ಮನೆಯಲ್ಲೇ ಪೆನ್ಸಿಲ್ ತುದಿ ನೋಡುತ್ತ ಮೂಗಿನ ಹತ್ತಿರ ತಂದುಕೊಳ್ಳುವ ಅಭ್ಯಾಸ ಮಾತ್ರ ಮಾಡಿದವರಲ್ಲಿ ನೂರಕ್ಕೆ 43. ಹೀಗಾಗಿ ಈ ಒಂದು ತೊಂದರೆಗೆ ಹುಬ್ಬಳ್ಳಿಗೋ ಹೈದರಾಬಾದಿಗೋ ವಾರಕ್ಕೊಮ್ಮೆ ಓಡಾಡುವ ಶಕ್ತಿ ಇದ್ದರೆ ಅದು ವ್ಯರ್ಥವಲ್ಲ.

ಇದರಲ್ಲಿ ಬಳಸುವ ಬ್ರಾಕ್ ದಾರ ಎಂಬ ಸಾಧನ ಬಹಳ ಸರಳ. ಉದ್ದನೆಯ ಬಿಳಿ ದಾರದಲ್ಲಿ ಮೂರು ಬಣ್ಣದ ಮಣಿಗಳು. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಮೂಗಿನ ತುದಿಗೆ ಹಿಡಿದು, ನಡುವಿನ ಮಣಿಯನ್ನು ದಿಟ್ಟಿಸಿದರೆ, ಎರಡು ಕಣ್ಣುಗಳೂ ಒಟ್ಟಿಗೆ ಕೆಲಸ ಮಾಡುತ್ತಿದ್ದಾಗ ದಾರ ಎರಡಾಗಿ ಕಂಡು ಆ ಮಣಿಯ ಹತ್ತಿರ ಒಂದನ್ನೊಂದು ದಾಟುತ್ತದೆ, ಮುಂದಿನ ಹಿಂದಿನ ಮಣಿಗಳು ಎರಡೆರಡಾಗಿ ಕಾಣುತ್ತವೆ. ದಾರ ಒಂದೇ ಕಂಡರೆ ಒಂದು ಕಣ್ಣಿನ ಚಿತ್ರವನ್ನು ಮಿದುಳು ಬಿಟ್ಟಿದೆ ಎಂದರ್ಥ. ಆಗಾಗ ಮಾತ್ರ ಹೊರಕ್ಕೆ ಸರಿಯುವ ಮೆಳ್ಳೆಗಣ್ಣಿನವರಿಗೆ, ಶಸ್ತ್ರಚಿಕಿತ್ಸೆಯ ನಂತರ ಕಣ್ಣುಗಳನ್ನು ಜೊತೆಗೂಡಿಸಬೇಕಾದವರಿಗೆ ಇಂಥ ಅಭ್ಯಾಸವನ್ನು ವೈದ್ಯರು ಹೇಳಿಕೊಡುವುದುಂಟು. ಆದರೆ ಸದಾ ದೊಡ್ಡ ಕೋನದಲ್ಲಿ ವಾಲಿರುವ ಕಣ್ಣನ್ನು ವ್ಯಾಯಾಮದಿಂದ ನೆಟ್ಟಗೆ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಿದುಳು ತನ್ನ ರಕ್ಷಣೆಗೆ ಅಡಗಿಸಿಟ್ಟ ಚಿತ್ರವನ್ನು ತಿಳಿಯದೆ ಕೆದಕಿದರೆ ಬಿಡದೆ ಎರಡೆರಡು ಕಾಣುವ ಕಷ್ಟ ಬರಬಹುದು. ದೊಡ್ಡವರು ಮೊಬೈಲಿನಲ್ಲಿ ನೋಡಿ ತಾವೇ ಶುರುಮಾಡಬಾರದು.

ಆಟಗಳ ಫಲಿತಾಂಶ ಮಿಶ್ರವಾಗಿದೆ. ದಿನಕ್ಕೊಂದು ಗಂಟೆ ಟ್ಯಾಬ್ಲೆಟಿನ ಆಟವನ್ನು ದಿನಕ್ಕೆರಡು ಗಂಟೆ ಪಟ್ಟಿಗೆ ಹೋಲಿಸಿ 385 ಮಕ್ಕಳ ಮೇಲೆ ನಡೆದ 2016ರ ಅಧ್ಯಯನದಲ್ಲಿ ಆಟ ಪಟ್ಟಿಯಷ್ಟು ಫಲ ಕೊಟ್ಟಿತೆಂದು ಸಾಬೀತಾಗಲಿಲ್ಲ, ಹೇಳಿದ ಹೊತ್ತಿನ ಮುಕ್ಕಾಲು ಪಾಲನ್ನಾದರೂ ಆಡಿದವರು ನೂರಕ್ಕೆ 22 ಮಕ್ಕಳು ಮಾತ್ರ. ಮಕ್ಕಳಿಗೆ ಆಟ ಎಂದ ಮಾತ್ರಕ್ಕೆ ತಿಂಗಳುಗಟ್ಟಲೆ ಬೇಸರವಾಗದು ಎಂದು ಭಾವಿಸಬೇಕಿಲ್ಲ. ಮಕ್ಕಳು ತಾವೇ ಆರಿಸಿದ ವಿಡಿಯೊಗಳನ್ನು ಬದಲಿಸಿ ತೋರಿಸುವ ಲೂಮಿನೋಪಿಯಾ ಎಂಬ ಯಂತ್ರ ಇದಕ್ಕಿಂತ ಭರವಸೆ ಹುಟ್ಟಿಸಿದೆ. 4ರಿಂದ 7 ವರ್ಷದ 105 ಮಕ್ಕಳಲ್ಲಿ ಹನ್ನೆರಡು ವಾರಕ್ಕೆ ಸರಾಸರಿ 1.8 ಸಾಲು ಸುಧಾರಣೆ ಕಂಡಿತು, ಕನ್ನಡಕ ಮಾತ್ರ ಹಾಕಿದವರಲ್ಲಿ 0.8 ಸಾಲು, 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಅನುಮತಿ ಕೊಟ್ಟಿತು. ಕ್ಯೂರ್‌ಸೈಟ್ ಎಂಬ ಇನ್ನೊಂದು ಯಂತ್ರ ಪಟ್ಟಿಗೆ ಕಡಿಮೆಯಿಲ್ಲದ ಫಲ ತೋರಿಸಿ 2022ರಲ್ಲಿ ಅನುಮತಿ ಪಡೆಯಿತು. ಇವುಗಳಲ್ಲೂ ಕನ್ನಡಕ ಬಿಡಿಸಲಿಲ್ಲ ಎಂಬುದನ್ನು ಗಮನಿಸಿ. ಊರಿನ ಕೇಂದ್ರದಲ್ಲಿ ತೋರಿಸುವ ಯಾವುದೋ ತಂತ್ರಾಂಶ ಇವುಗಳಿಗೆ ಸಮ ಎಂದು ತಾನಾಗಿ ಒಪ್ಪಿಕೊಳ್ಳಲಾಗದು. ಅದೇ ತಂತ್ರಾಂಶವನ್ನು ಪಟ್ಟಿಯ ಜೊತೆ ಹೋಲಿಸಿ ಅಧ್ಯಯನ ನಡೆದಿದೆಯೇ ಎಂದು ಕೇಳುವ ಹಕ್ಕು ಹಣ ಕೊಡುವವರಿಗಿದೆ.

ಓದಿನ ತೊಂದರೆಗೆ ವಿಷನ್ ಥೆರಪಿ ಎಂಬ ಮಾತನ್ನು ನಾನು ಸ್ಪಷ್ಟವಾಗಿ ಬೇಡ ಎನ್ನುತ್ತೇನೆ. ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಗಳು 2009ರಲ್ಲೇ ಒಟ್ಟಾಗಿ ಇದಕ್ಕೆ ಆಧಾರವಿಲ್ಲ ಎಂದಿವೆ. ಕಣ್ಣು ಒಳಕ್ಕೆ ತರುವ ತೊಂದರೆ ಇದ್ದ 311 ಮಕ್ಕಳ ಮೇಲೆ ನಡೆದ 2019ರ ಅಧ್ಯಯನದಲ್ಲೂ, ನಿಜವಾದ ತರಬೇತಿ ಪಡೆದವರ ಓದಿ ಅರ್ಥಮಾಡಿಕೊಳ್ಳುವ ಶಕ್ತಿ ತೋರಿಕೆಯ ತರಬೇತಿ ಪಡೆದವರಿಗಿಂತ ಹೆಚ್ಚಲಿಲ್ಲ.

ವಯಸ್ಸು ಮೀರಿತೇ?

ಏಳು ವರ್ಷ ದಾಟಿದರೆ ಏನೂ ಮಾಡಲಾಗದು ಎಂದು ಮಕ್ಕಳನ್ನು ವಾಪಸು ಕಳಿಸುತ್ತಿದ್ದ ಕಾಲವಿತ್ತು. 7ರಿಂದ 17 ವರ್ಷದ 507 ಮಂದಿಯ ಮೇಲೆ ನಡೆದ 2005ರ ಅಧ್ಯಯನ ಅದನ್ನು ತಿದ್ದಿತು. 7ರಿಂದ 12 ವರ್ಷದವರಲ್ಲಿ ಕನ್ನಡಕದ ಜೊತೆ ಪಟ್ಟಿ, ಹನಿ ಸೇರಿಸಿದಾಗ ನೂರಕ್ಕೆ 53 ಮಂದಿಗೆ ಫಲ ಕಂಡಿತು, ಕನ್ನಡಕ ಮಾತ್ರ ಹಾಕಿದವರಲ್ಲಿ ನೂರಕ್ಕೆ 25. ಹದಿಮೂರು ದಾಟಿದವರಲ್ಲಿ ಒಟ್ಟಾರೆ ವ್ಯತ್ಯಾಸ ಕಾಣದಿದ್ದರೂ, ಹಿಂದೆಂದೂ ಚಿಕಿತ್ಸೆಯನ್ನೇ ಪಡೆಯದವರಲ್ಲಿ ಪಟ್ಟಿಯಿಂದ ನೂರಕ್ಕೆ 47 ಮಂದಿಗೆ ಪ್ರಯೋಜನವಾಯಿತು. ನಮ್ಮ ಜಿಲ್ಲೆಗಳಲ್ಲಿ ಹೈಸ್ಕೂಲಿನಲ್ಲಿ ಮೊದಲ ಸಲ ಪತ್ತೆಯಾಗುವ ಮಕ್ಕಳು ಬಹುಪಾಲು ಇದೇ ಗುಂಪಿನವರು. ಬೇಗ ಶುರುಮಾಡಿದಷ್ಟು ಒಳ್ಳೆಯದು ನಿಜ, ತಡವಾಯಿತೆಂದು ಪ್ರಯತ್ನವನ್ನೇ ಬಿಡುವುದು ಸರಿಯಲ್ಲ.

ಹಾಗಾದರೆ ಯಾರಿಗೆ ಯಾವುದು?

ಸಿಂಧನೂರಿನ ನಾಲ್ಕು ವರ್ಷದ ಮಗು, ಕಣ್ಣು ನೆಟ್ಟಗಿದೆ, ಒಂದು ಕಣ್ಣಿಗೆ ಮಾತ್ರ ದೊಡ್ಡ ನಂಬರ್ ಎಂದಾದರೆ, ಕನ್ನಡಕ, ನಂತರ ಎರಡು ಗಂಟೆ ಪಟ್ಟಿ. ಥೆರಪಿ ಕೇಂದ್ರದ ಖರ್ಚಿಗೆ ಕಾರಣವಿಲ್ಲ. ಪಟ್ಟಿಯನ್ನು ಕಿತ್ತೆಸೆಯುವ ಮಗುವಿಗೆ, ಬೇಸಿಗೆ ಕಳೆದ ಮೇಲೆ, ವಾರಾಂತ್ಯದ ಹನಿ. ಐದು ತಿಂಗಳ ಕೂಸಿನ ಕಣ್ಣು ಸದಾ ಮೂಗಿನ ಕಡೆಗೇ ಇದ್ದರೆ ಸ್ಥಳೀಯವಾಗಿ ಹೆಚ್ಚು ಕಾಲ ಕಳೆಯದೆ ಮಕ್ಕಳ ಮೆಳ್ಳೆಗಣ್ಣಿನ ತಜ್ಞರಿರುವ ಆಸ್ಪತ್ರೆ. ಎಸ್ಸೆಸ್ಸೆಲ್ಸಿ ಓದುವ ಹುಡುಗಿಗೆ ಕಣ್ಣಿನ ದೃಷ್ಟಿ ಎರಡೂ ಕಡೆ 6/6 ಇದ್ದು, ಪುಸ್ತಕ ಹಿಡಿದ ಅರ್ಧ ಗಂಟೆಗೆ ಅಕ್ಷರ ಎರಡಾಗಿ ತಲೆನೋವು ಬರುತ್ತಿದ್ದರೆ, ಅವಳಿಗೆ ವಿಷನ್ ಥೆರಪಿಯೇ ಮೊದಲ ಆಯ್ಕೆ. ಬಿಸಿಲಿನಲ್ಲಿ, ದಣಿದಾಗ ಮಾತ್ರ ಕಣ್ಣು ಹೊರಕ್ಕೆ ಸರಿಯುವ ಮಗುವಿಗೆ ಅವಸರ ಬೇಡ. ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟು, ಸರಿಯುವುದು ಹೆಚ್ಚುತ್ತಿದೆಯೇ ಎಂದು ವೈದ್ಯರಿಗೆ ತೋರಿಸಿದರೆ ಅವರ ತೀರ್ಮಾನಕ್ಕೆ ಅದು ಬಹಳ ನೆರವಾಗುತ್ತದೆ.

ಮೊದಲ ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಬಳ್ಳಾರಿಯಲ್ಲಿ ಜನ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಮೂರರಲ್ಲೂ ನೇತ್ರ ವಿಭಾಗಗಳಿವೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದಾಗ ಮಗುವಿನ ಹೆಸರು ಬರೆಸಿದರೆ, ಮೇಲಿನ ಆಸ್ಪತ್ರೆಗೆ ಶಿಫಾರಸು ಪತ್ರ ಸಿಗುತ್ತದೆ. ಶಸ್ತ್ರಚಿಕಿತ್ಸೆ ಬೇಕಾದರೆ ಆಯುಷ್ಮಾನ್ ಕಾರ್ಡಿನ ವಿಭಾಗದಲ್ಲಿ ಮುಂಚೆಯೇ ವಿಚಾರಿಸಿ. ಅಲ್ಲಿಂದ ಮುಂದೆ ರಾಯಚೂರಿನವರಿಗೆ ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ, ಬಳ್ಳಾರಿ, ಕೊಪ್ಪಳದವರಿಗೆ ಹುಬ್ಬಳ್ಳಿಯ ಆಸ್ಪತ್ರೆಗಳು ಅಥವಾ ಬೆಂಗಳೂರಿನ ಮಿಂಟೊ ಕಣ್ಣಿನ ಆಸ್ಪತ್ರೆ ರೈಲಿನ ದಾರಿಯಲ್ಲೇ ಇವೆ. ಮೆಳ್ಳೆಗಣ್ಣು, ದೊಡ್ಡ ನಂಬರ್ ಎರಡೂ ಕುಟುಂಬಗಳಲ್ಲಿ ಹರಿದು ಬರುತ್ತವೆ. ಒಂದು ಮಗುವಿಗೆ ಇದ್ದರೆ ಅದೇ ದಿನ ಅಣ್ಣತಮ್ಮಂದಿರು, ಅಕ್ಕತಂಗಿಯರ ಕಣ್ಣನ್ನೂ ತೋರಿಸಿಕೊಂಡು ಬನ್ನಿ.

ದೃಷ್ಟಿ ಸರಿಹೋದ ಮೇಲೂ ಚಿಕಿತ್ಸೆಯನ್ನು ಒಮ್ಮೆಲೇ ನಿಲ್ಲಿಸಬಾರದು. ನಿಲ್ಲಿಸಿದ ಮೊದಲ ವರ್ಷದೊಳಗೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ತೊಂದರೆ ಮರುಕಳಿಸುತ್ತದೆ. ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಪಟ್ಟಿ ಹಾಕುತ್ತಿದ್ದು ಥಟ್ಟನೆ ಬಿಟ್ಟವರಲ್ಲಿ ಇದು ನೂರಕ್ಕೆ 42 ಇದ್ದರೆ, ಎರಡು ಗಂಟೆಗೆ ಇಳಿಸಿ ಆಮೇಲೆ ಬಿಟ್ಟವರಲ್ಲಿ ನೂರಕ್ಕೆ 14 ಇತ್ತು. ನಮ್ಮಲ್ಲಿ ಸುಗ್ಗಿ ಮುಗಿದು ಗುಳೆ ಹೋಗುವ ಕುಟುಂಬಗಳ ಮಕ್ಕಳ ಚಿಕಿತ್ಸೆ ಹೀಗೆ ಥಟ್ಟನೆ ನಿಲ್ಲುವುದು ಹೆಚ್ಚು. ಬೆಂಗಳೂರಿಗೋ ಪುಣೆಗೋ ಹೊರಡುವ ಮುನ್ನ ಎರಡು ಕಣ್ಣುಗಳ ಈಗಿನ ದೃಷ್ಟಿ, ಕನ್ನಡಕದ ನಂಬರ್, ಪಟ್ಟಿ ಅಥವಾ ಹನಿಯ ಈಗಿನ ಪ್ರಮಾಣ, ಶುರುಮಾಡಿದ ತಿಂಗಳು ಇಷ್ಟನ್ನು ವೈದ್ಯರಿಂದ ಒಂದೇ ಹಾಳೆಯಲ್ಲಿ ಬರೆಸಿಕೊಂಡು, ಅದರ ಫೋಟೋವನ್ನು ಮನೆಯ ಇಬ್ಬರ ಮೊಬೈಲಿನಲ್ಲಿ ಇಟ್ಟುಕೊಂಡು, ನಾಲ್ಕು ತಿಂಗಳಿಗಾಗುವಷ್ಟು ಪಟ್ಟಿಯ ಪೆಟ್ಟಿಗೆಗಳನ್ನು ಸಾಮಾನಿನ ಜೊತೆ ಕಟ್ಟಿಕೊಂಡರೆ, ಹೋದ ಊರಿನ ಯಾವ ಸರ್ಕಾರಿ ಆಸ್ಪತ್ರೆಯಲ್ಲಾದರೂ ಚಿಕಿತ್ಸೆಯನ್ನು ನಿಂತಲ್ಲಿಂದಲೇ ಮುಂದುವರಿಸಬಹುದು.